ಕಬ್ಬಿನ ಪೆಟ್ರೋಲು, ಹಳೆಯ ಯೆಜ್ಡಿ

ದಾವಣಗೆರೆ ಬಳಿಯ ಕುಕ್ಕುವಾಡದ ಕಬ್ಬು ಈಗ ಬೈಕಿನ ಟ್ಯಾಂಕಿನವರೆಗೂ ಬಂದಿದೆ. ಭದ್ರಾ ನಾಲೆಯ ನೀರಿನಲ್ಲಿ ಬೆಳೆದ ಕಬ್ಬನ್ನು ಊರಿನಲ್ಲೇ ಇರುವ ದಾವಣಗೆರೆ ಶುಗರ್ ಕಂಪನಿಯ ಕಾರ್ಖಾನೆ ಅರೆಯುತ್ತದೆ. ಅಲ್ಲಿ ಸಕ್ಕರೆಯ ಜೊತೆಗೆ ಎಥೆನಾಲ್ ಕೂಡ ತಯಾರಾಗುತ್ತದೆ. ದೇಶದ ತೈಲ ಕಂಪನಿಗಳು ಇಂಥ ಕಾರ್ಖಾನೆಗಳಿಂದ ಎಥೆನಾಲ್ ಕೊಂಡು ಪೆಟ್ರೋಲಿಗೆ ಬೆರೆಸುತ್ತವೆ. 2023ರ ಫೆಬ್ರುವರಿ 6ರಂದು ಬೆಂಗಳೂರಿನಲ್ಲಿ ನಡೆದ ಇಂಡಿಯಾ ಎನರ್ಜಿ ವೀಕ್ ಸಮಾವೇಶದಲ್ಲಿ ಶೇಕಡ 20ರಷ್ಟು ಎಥೆನಾಲ್ ಬೆರೆತ ‘ಇ20’ ಪೆಟ್ರೋಲಿಗೆ ಚಾಲನೆ ಸಿಕ್ಕಿತು. 2025ರ ಹೊತ್ತಿಗೆ ಬಂಕಿನಲ್ಲಿ ಸಾಮಾನ್ಯ ಪೆಟ್ರೋಲ್ ಎಂದರೆ ಬಹುಮಟ್ಟಿಗೆ ಅದೇ ಆಯಿತು.

ದಾವಣಗೆರೆಯಿಂದ ಹದಡಿ ಮಾರ್ಗವಾಗಿ ಕುಕ್ಕುವಾಡದ ಕಡೆಗೆ ಓಡಾಡುವ ಬೈಕುಗಳಿಗೆಲ್ಲ ಈಗ ಇದೇ ಪೆಟ್ರೋಲು. ಮೂವತ್ತು–ನಲವತ್ತು ವರ್ಷ ಹಳೆಯ ಯೆಜ್ಡಿಗೂ ಅದೇ, ಕಳೆದ ದೀಪಾವಳಿಗೆ ಷೋರೂಮಿನಿಂದ ತಂದ ಗಾಡಿಗೂ ಅದೇ. ಹೊಸ ಗಾಡಿ ಈ ಬೆರಕೆಯನ್ನು ಸದ್ದಿಲ್ಲದೆ ಜೀರ್ಣಿಸಿಕೊಳ್ಳುತ್ತದೆ. ಹಳೆಯ ಗಾಡಿಗೆ ಅದು ಅಷ್ಟು ಸಲೀಸಲ್ಲ. ಯಾಕೆ ಎಂದು ಹುಡುಕುತ್ತಾ ಹೋದರೆ ಎರಡು ಕಾಲದ ಬೈಕುಗಳ ನಡುವಿನ ವ್ಯತ್ಯಾಸವೆಲ್ಲ ಒಂದೊಂದಾಗಿ ತೆರೆದುಕೊಳ್ಳುತ್ತದೆ.

ಹಳೆಯ ಬೈಕಿನ ಮಾತು ಬಂದಾಗ ಕನ್ನಡಿಗರು ಮೈಸೂರಿನಿಂದಲೇ ಶುರುಮಾಡಬೇಕು. ಜಾವಾ ಮೂಲತಃ ಜೆಕ್ ನಾಡಿನ ಗಾಡಿ. ಫ್ರಾಂಟಿಶೆಕ್ ಯಾನೆಚೆಕ್ ಎಂಬ ಉದ್ಯಮಿ 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯಿಂದ ಮೋಟಾರ್‌ಸೈಕಲ್ ವಿನ್ಯಾಸವನ್ನು ಕೊಂಡು ಕಟ್ಟಿದ ಕಂಪನಿ ಅದು. ಆ ಗಾಡಿಯನ್ನು ಭಾರತಕ್ಕೆ ತರಿಸಿ ಮಾರುತ್ತಿದ್ದ ಇರಾನಿ ಮನೆತನದ ರುಸ್ತುಂ ಇರಾನಿ ಮತ್ತು ಫರೋಖ್ ಇರಾನಿ, ಇಲ್ಲೇ ತಯಾರಿಸುವ ಉದ್ದೇಶದಿಂದ 1960ರಲ್ಲಿ ಮೈಸೂರಿನಲ್ಲಿ ಐಡಿಯಲ್ ಜಾವಾ ಕಂಪನಿ ಆರಂಭಿಸಿದರು. ಯಾದವಗಿರಿಯಲ್ಲಿ ತಲೆಯೆತ್ತಿದ ಆ ಕಾರ್ಖಾನೆಯಿಂದ ಮೊದಲು ಜಾವಾ, 1970ರ ದಶಕದಲ್ಲಿ ಹೆಸರು ಬದಲಾದ ಮೇಲೆ ಯೆಜ್ಡಿ, 1978ರಿಂದ ಯೆಜ್ಡಿ ರೋಡ್‌ಕಿಂಗ್ ಹೊರಬಂದವು. 1996ರಲ್ಲಿ ಬಾಗಿಲು ಮುಚ್ಚುವವರೆಗೆ ಮೈಸೂರಿನ ಸಾವಿರಾರು ಮನೆಗಳಿಗೆ ಆ ಕಾರ್ಖಾನೆಯ ನಂಟಿತ್ತು. ಇವತ್ತಿಗೂ ಜುಲೈ ತಿಂಗಳ ಎರಡನೇ ಭಾನುವಾರವನ್ನು ಜಾವಾ–ಯೆಜ್ಡಿ ದಿನವೆಂದು ಆಚರಿಸುವ ಅಭಿಮಾನಿಗಳು ಊರೂರಲ್ಲಿ ಇದ್ದಾರೆ. ಮುಚ್ಚಿಹೋದ ಕಾರ್ಖಾನೆಯ ಸರಕಿಗೆ ಇಷ್ಟು ವರ್ಷ ಇಂಥ ಪ್ರೀತಿ ಉಳಿದಿರುವುದು ಕರ್ನಾಟಕದ ಕೈಗಾರಿಕಾ ಚರಿತ್ರೆಯಲ್ಲಿ ಅಪರೂಪ.

ಆ ಗಾಡಿಯಲ್ಲಿ ಏನಿತ್ತು? ಸುಮಾರು 250 ಸಿಸಿಯ, ಒಂದೇ ಸಿಲಿಂಡರಿನ, ಟು-ಸ್ಟ್ರೋಕ್ ಎಂಜಿನ್. ಸಿಲಿಂಡರ್ ಒಂದೇ ಆದರೂ ಹೊಗೆ ಹೊರಹೋಗಲು ಎರಡು ದಾರಿ, ಅದಕ್ಕೆ ತಕ್ಕಂತೆ ಎರಡು ಬದಿಗೂ ಒಂದೊಂದು ಸೈಲೆನ್ಸರ್. ನಾಲ್ಕು ಗೇರು. ಮೊದಲ ಜಾವಾದ ಶಕ್ತಿ 12 ಅಶ್ವಶಕ್ತಿ, ರೋಡ್‌ಕಿಂಗ್‌ನದು 16. ಕಿಕ್ ಹೊಡೆಯುವುದಕ್ಕೂ ಗೇರ್ ಹಾಕುವುದಕ್ಕೂ ಒಂದೇ ಲಿವರ್. ಅದನ್ನು ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಕಿಕ್ಕರ್, ಎಂಜಿನ್ ಶುರುವಾದ ಮೇಲೆ ಮುಂದಕ್ಕೆ ಮಲಗಿಸಿದರೆ ಗೇರ್. ಇನ್ನೂ ಒಂದು ಜಾಣತನ ಅದರಲ್ಲಿತ್ತು: ಗೇರ್ ಲಿವರ್ ಒತ್ತಿದಾಗ ಕ್ಲಚ್ ತಾನೇ ಬಿಡುತ್ತಿತ್ತು. ಹಾಗಾಗಿ ಓಡುವಾಗ ಪಳಗಿದ ಸವಾರ ಕ್ಲಚ್ ಹಿಡಿಯದೆಯೇ ಗೇರ್ ಬದಲಿಸಬಲ್ಲವನಾಗಿದ್ದ. ಕ್ಲಚ್ ವೈರ್ ತುಂಡಾದರೂ ಗಾಡಿ ಊರು ಮುಟ್ಟುತ್ತಿತ್ತು. ಇಷ್ಟು ಸರಳವಾದ ಲೋಹದ ಕೀಲುಗಳಿಂದ ಇಷ್ಟು ಕೆಲಸ ಮಾಡಿಸಿದ ಎಂಜಿನಿಯರುಗಳ ಬಗ್ಗೆ ಗೌರವ ಹುಟ್ಟುತ್ತದೆ.

ಟು-ಸ್ಟ್ರೋಕ್ ಎಂಜಿನ್ನಿನ ಸೊಗಸು ಮತ್ತು ಶಾಪ ಎರಡೂ ಅದರ ಸರಳತೆಯಲ್ಲೇ ಇವೆ. ಫೋರ್-ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ ಮೇಲಕ್ಕೋ ಕೆಳಕ್ಕೋ ನಾಲ್ಕು ಸಲ ಆಡಿದಾಗ ಒಮ್ಮೆ ಬೆಂಕಿ ಹೊತ್ತಿದರೆ, ಟು-ಸ್ಟ್ರೋಕ್‌ನಲ್ಲಿ ಎರಡು ಆಟಕ್ಕೊಮ್ಮೆ ಹೊತ್ತುತ್ತದೆ. ವಾಲ್ವ್ ಇಲ್ಲ, ಕ್ಯಾಮ್ ಇಲ್ಲ. ಸಿಲಿಂಡರಿನ ಗೋಡೆಯಲ್ಲಿ ಕೊರೆದ ಕಿಂಡಿಗಳನ್ನು ಪಿಸ್ಟನ್ನೇ ಮುಚ್ಚಿ ತೆರೆಯುತ್ತದೆ. ಸುಟ್ಟ ಹೊಗೆ ಹೊರಹೋಗುವ ಕಿಂಡಿ ಇನ್ನೂ ತೆರೆದಿರುವಾಗಲೇ ಹೊಸ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಒಳಗೆ ನುಗ್ಗುತ್ತದೆ. ಅದರಲ್ಲೊಂದು ಪಾಲು, ಕೆಲವೊಮ್ಮೆ ಕಾಲು ಭಾಗಕ್ಕಿಂತ ಹೆಚ್ಚು, ಸುಡದೆ ಹಾಗೆಯೇ ಸೈಲೆನ್ಸರಿನಿಂದ ಆಚೆ ಹೋಗುತ್ತದೆ. ಸವಾರ ಬಂಕಿನಲ್ಲಿ ಕೊಟ್ಟ ದುಡ್ಡಿನ ಒಂದಂಶ ಹಿಂದೆ ಬರುವವರ ಮೂಗಿಗೆ ಸೇರುತ್ತಿತ್ತು ಎಂದರೆ ತಪ್ಪಲ್ಲ.

ಇದರ ಮೇಲೆ ಆಯಿಲ್ ಬೇರೆ. ಈ ಎಂಜಿನ್ನಿನ ಬೇರಿಂಗು, ಪಿಸ್ಟನ್ನುಗಳಿಗೆ ಬೇರೆ ಆಯಿಲ್ ವ್ಯವಸ್ಥೆ ಇರುವುದಿಲ್ಲ. ಪೆಟ್ರೋಲಿನಲ್ಲೇ ಲೀಟರಿಗೆ ಸುಮಾರು 40 ಮಿಲಿಲೀಟರ್ ಆಯಿಲ್ ಬೆರೆಸಬೇಕು. ಬಂಕಿನಲ್ಲಿ ಪೆಟ್ರೋಲ್ ಹಾಕಿಸಿ, ಅಳತೆಯ ಡಬ್ಬಿಯಿಂದ ಆಯಿಲ್ ಸುರಿಸಿ, ಗಾಡಿಯನ್ನು ಎಡಕ್ಕೂ ಬಲಕ್ಕೂ ಅಲ್ಲಾಡಿಸುವುದು ಆ ಕಾಲದ ಸವಾರರಿಗೆಲ್ಲ ಅಭ್ಯಾಸ. ಆಯಿಲ್ ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತಿತ್ತು, ಹೆಚ್ಚಾದರೆ ಪ್ಲಗ್ ಕಪ್ಪಾಗಿ ಗಾಡಿ ಕೆಮ್ಮುತ್ತಿತ್ತು. ಸುಟ್ಟ ಆಯಿಲ್ ಸೈಲೆನ್ಸರಿನ ಒಳಗೆ ಕಾರ್ಬನ್ನಾಗಿ ಕಟ್ಟಿಕೊಳ್ಳುತ್ತಿದ್ದುದರಿಂದ ಆಗಾಗ ಅದನ್ನು ಬಿಚ್ಚಿ ಬೆಂಕಿಗೆ ಹಿಡಿದು ಕೆರೆಸಬೇಕಿತ್ತು. ನೀಲಿ ಹೊಗೆಯ ವಾಸನೆಯನ್ನು ಪ್ರೀತಿಯಿಂದ ನೆನೆಯುವವರು ಬಹಳ. ಆದರೆ ಮಾರುಕಟ್ಟೆಯ ಇಕ್ಕಟ್ಟು ಬೀದಿಯಲ್ಲಿ ದಿನವಿಡೀ ಆ ಹೊಗೆ ಕುಡಿದ ವ್ಯಾಪಾರಿಗಳ ಪಾಲಿಗೆ ಅದು ಸವಿನೆನಪಾಗಿರಲಾರದು.

ಹೊಗೆಯ ಲೆಕ್ಕದಲ್ಲಿ ಹಳೆಯದಕ್ಕೂ ಹೊಸದಕ್ಕೂ ಇರುವ ಅಂತರ ಅಗಾಧ. ಭಾರತದಲ್ಲಿ ದ್ವಿಚಕ್ರ ವಾಹನಗಳಿಗೆ ಹೊಗೆಯ ಮಿತಿ ಬಂದದ್ದು 1991ರಲ್ಲಿ, ಬಿಗಿಯಾದದ್ದು 1996ರಲ್ಲಿ. 1996ರ ನಿಯಮದ ಪ್ರಕಾರ ಸುಡದ ಇಂಧನದ ಹೈಡ್ರೋಕಾರ್ಬನ್ ಮತ್ತು ನೈಟ್ರೋಜನ್ ಆಕ್ಸೈಡ್ ಎರಡೂ ಸೇರಿ ಕಿಲೋಮೀಟರಿಗೆ 3.6 ಗ್ರಾಂ ಮೀರಬಾರದಿತ್ತು. 2020ರ ಏಪ್ರಿಲ್‌ನಲ್ಲಿ ಜಾರಿಯಾದ ಬಿಎಸ್-6 ನಿಯಮದಲ್ಲಿ ಹೈಡ್ರೋಕಾರ್ಬನ್ನಿಗೆ 0.1 ಗ್ರಾಂ, ನೈಟ್ರೋಜನ್ ಆಕ್ಸೈಡಿಗೆ 0.06 ಗ್ರಾಂ. ಅಂದರೆ ಇಪ್ಪತ್ತು ಪಟ್ಟಿಗೂ ಹೆಚ್ಚು ಕಡಿತ. ಮೈಸೂರಿನ ಕಾರ್ಖಾನೆ ಮುಚ್ಚಿದ ವರ್ಷವೂ ಮೊದಲ ಬಿಗಿ ನಿಯಮ ಬಂದ ವರ್ಷವೂ ಒಂದೇ ಆಗಿರುವುದು ಬರಿಯ ಕಾಕತಾಳೀಯವಲ್ಲ. ಆದರೆ ನಿಯಮವೊಂದೇ ಕಾರಣವೂ ಅಲ್ಲ: ಕಾರ್ಮಿಕ ಬಿಕ್ಕಟ್ಟು, ಹಳೆಯ ವಿನ್ಯಾಸ, ಜಪಾನಿನ ಪೈಪೋಟಿ ಎಲ್ಲವೂ ಅದಾಗಲೇ ಕಂಪನಿಯನ್ನು ಹಣ್ಣು ಮಾಡಿದ್ದವು.

ಆ ಪೈಪೋಟಿಯ ಕತೆಯೇ ನಿಜವಾಗಿ ಹಳ್ಳಿಗಳ ಬೈಕಿನ ಕತೆ. 1980ರ ದಶಕದ ನಡುವೆ ಜಪಾನಿ ಕಂಪನಿಗಳು ಭಾರತದವರ ಜೊತೆ ಕೈಜೋಡಿಸಿದವು. 1985ರಲ್ಲಿ ಎರಡು ಗಾಡಿ ಬಂದವು: ಯಮಹಾ ಆರ್‌ಎಕ್ಸ್ 100 ಮತ್ತು ಹೀರೋ ಹೋಂಡಾ ಸಿಡಿ 100. ಮೊದಲನೆಯದು ಟು-ಸ್ಟ್ರೋಕ್, 98 ಸಿಸಿಯಲ್ಲೇ 11 ಅಶ್ವಶಕ್ತಿ ಹೊಮ್ಮಿಸಿ, ತನ್ನ ಎರಡೂವರೆ ಪಟ್ಟು ದೊಡ್ಡ ಎಂಜಿನ್ನಿನ ಜಾವಾದ ಹತ್ತಿರಕ್ಕೆ ಬಂತು. ಕಾಲೇಜು ಹುಡುಗರು ಅದರ ಹಿಂದೆ ಬಿದ್ದರು. ಎರಡನೆಯದು ಫೋರ್-ಸ್ಟ್ರೋಕ್. ಅದರ ಜಾಹೀರಾತು ಹೇಳಿದ್ದು ಇಷ್ಟೇ: ಪೆಟ್ರೋಲ್ ತುಂಬಿಸಿ, ಮುಚ್ಚಳ ಹಾಕಿ, ಮರೆತುಬಿಡಿ. ಆಯಿಲ್ ಬೆರೆಸುವ ರಗಳೆಯಿಲ್ಲ, ಮೈಲೇಜು ಯೆಜ್ಡಿಯ ಎರಡು ಪಟ್ಟಿಗೂ ಹೆಚ್ಚು. 1994ರಲ್ಲಿ ಅದರ ತಮ್ಮನಂತೆ ಬಂದ ಸ್ಪ್ಲೆಂಡರ್ ಇಂದಿಗೂ ದಾವಣಗೆರೆ ಸೀಮೆಯ ಹೊಲದ ಬದುವಿನಲ್ಲಿ, ಹಾಲಿನ ಡೇರಿಯ ಮುಂದೆ, ಎಪಿಎಂಸಿ ಅಂಗಳದಲ್ಲಿ ಕಾಣುತ್ತದೆ. ಲೀಟರಿಗೆ ಸುಮಾರು 30 ಕಿಲೋಮೀಟರ್ ಕೊಡುವ ಗಾಡಿಯನ್ನು ಬಿಟ್ಟು ಎರಡು ಪಟ್ಟು ಕೊಡುವ ಗಾಡಿಯನ್ನು ರೈತ ಹಿಡಿದದ್ದರಲ್ಲಿ ಆಶ್ಚರ್ಯವಿಲ್ಲ. ಹಳತು–ಹೊಸತರ ಜಗಳವನ್ನು ಹಳ್ಳಿ ಆಗಲೇ ತೀರ್ಮಾನಿಸಿಬಿಟ್ಟಿತ್ತು.

ಬ್ರೇಕಿನ ವಿಷಯಕ್ಕೆ ಬಂದರೆ ಹಳೆಯದರ ಪರವಾಗಿ ವಾದಿಸುವಂಥದ್ದು ಏನೂ ಇಲ್ಲ. ಜಾವಾ, ಯೆಜ್ಡಿಗಳ ಎರಡೂ ಚಕ್ರಕ್ಕೆ ಡ್ರಮ್ ಬ್ರೇಕ್. ನಾಲೆಯ ಏರಿಯ ಮೇಲೆ, ಗದ್ದೆಯ ಬದಿಯ ರಾಡಿಯಲ್ಲಿ ನೀರು ಒಳಹೊಕ್ಕರೆ ಡ್ರಮ್ಮು ಒಣಗುವವರೆಗೆ ಹಿಡಿತ ಬರುವುದಿಲ್ಲ. ಗಟ್ಟಿಯಾಗಿ ಒತ್ತಿದರೆ ಚಕ್ರ ಕಚ್ಚಿಕೊಂಡು ಗಾಡಿ ಜಾರುತ್ತದೆ. ಹಳೆಯ ಪುಣೆ–ಬೆಂಗಳೂರು (ಪಿ.ಬಿ.) ರಸ್ತೆಯ ಕಾಲದಲ್ಲಿ, ಎತ್ತಿನ ಗಾಡಿ ಮತ್ತು ಸೈಕಲ್ಲುಗಳ ನಡುವೆ, ಅದು ಹೇಗೋ ಸಾಗುತ್ತಿತ್ತು. ಈಗ ದಾವಣಗೆರೆ, ಹರಿಹರಗಳನ್ನು ಬಳಸಿ ಹೋಗುವ ರಾಷ್ಟ್ರೀಯ ಹೆದ್ದಾರಿ 48ರ ಮೇಲೆ ಲಾರಿಗಳ ವೇಗವೇ ಬೇರೆ. ಗಂಟೆಗೆ 60 ಕಿಲೋಮೀಟರ್ ವೇಗದ ಬೈಕು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ, 100ರ ವೇಗದ್ದು 28 ಮೀಟರ್. ಬ್ರೇಕ್ ಒತ್ತಿದ ಮೇಲೆ ನಿಲ್ಲಲು ಬೇಕಾದ ದೂರವಂತೂ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 60ರಿಂದ 100ಕ್ಕೆ ಹೋದರೆ ಆ ದೂರ ಸುಮಾರು ಎರಡೂಮುಕ್ಕಾಲು ಪಟ್ಟು.

ಹಲವು ಹೊಸ ಬೈಕುಗಳಲ್ಲಿ ಡಿಸ್ಕ್ ಬ್ರೇಕ್ ಇದೆ. 125 ಸಿಸಿಗಿಂತ ದೊಡ್ಡ ಗಾಡಿಗಳಲ್ಲಿ 2018–19ರಿಂದ ಎಬಿಎಸ್ ಕಡ್ಡಾಯ. ಚಕ್ರದ ಬಳಿ ಇರುವ ಸೆನ್ಸರ್ ಚಕ್ರ ಎಷ್ಟು ಬೇಗ ತಿರುಗುತ್ತಿದೆ ಎಂದು ಸದಾ ಅಳೆಯುತ್ತದೆ. ಚಕ್ರ ಇನ್ನೇನು ಕಚ್ಚಿಕೊಳ್ಳುತ್ತದೆ ಎನ್ನುವಾಗ ಎಬಿಎಸ್ ಪೆಟ್ಟಿಗೆ ಬ್ರೇಕಿನ ಒತ್ತಡವನ್ನು ಕ್ಷಣಮಾತ್ರ ಸಡಿಲಿಸಿ ಮತ್ತೆ ಬಿಗಿಯುತ್ತದೆ, ಸೆಕೆಂಡಿಗೆ ಹಲವು ಬಾರಿ. ಎದುರಿಗೆ ಕಬ್ಬಿನ ಟ್ರ್ಯಾಕ್ಟರ್ ದಿಢೀರನೆ ರಸ್ತೆಗೆ ಬಂದಾಗ ಹೆದರಿದ ಸವಾರ ಬ್ರೇಕನ್ನು ಪೂರ್ತಿ ಒತ್ತಿಬಿಡುತ್ತಾನೆ. ಆಗ ಚಕ್ರ ಜಾರದಂತೆ ಕಾಯುವುದು ಈ ಪುಟ್ಟ ಪೆಟ್ಟಿಗೆ. 6 ವೋಲ್ಟಿನ ಹಳೆಯ ಹೆಡ್‌ಲೈಟಿಗೂ ಇಂದಿನ ಎಲ್‌ಇಡಿ ದೀಪಕ್ಕೂ ಇರುವ ಅಂತರವನ್ನು ರಾತ್ರಿ ಹೊಲದಿಂದ ಮರಳುವವರಿಗೆ ವಿವರಿಸಬೇಕಿಲ್ಲ. ಹೆದ್ದಾರಿಯಲ್ಲಿ ನಿತ್ಯ ಓಡಾಡುವವರು ಹಳೆಯ ಗಾಡಿಯನ್ನು ನೆಚ್ಚಿಕೊಳ್ಳಬಾರದು. ಈ ಮಾತನ್ನು ಹಳೆಯ ಗಾಡಿಯ ಪ್ರೇಮಿಗಳೂ ಒಪ್ಪಬೇಕು.

ಹಾಗಾದರೆ ಹಳೆಯದು ಗೆಲ್ಲುವುದು ಎಲ್ಲಿ? ಗ್ಯಾರೇಜಿನಲ್ಲಿ.

ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಆರಂಭವಾಯಿತು. ಅಲ್ಲಿ ತಯಾರಾದ ಲೇತ್ ಯಂತ್ರಗಳು ದೇಶದ ಉದ್ದಗಲಕ್ಕೂ ಹೋದವು. ತುಂಗಭದ್ರೆಯ ದಡದ ಈ ಊರಿಗೆ ಲೋಹ ಕಡೆಯುವುದು, ಕೊರೆಯುವುದು, ಅಳೆಯುವುದು ಎಂದರೆ ತಲೆಮಾರುಗಳ ಕಸುಬು. ಕಾರ್ಖಾನೆ ಈ ಶತಮಾನದ ಆರಂಭದಲ್ಲಿ ನಿಂತುಹೋಯಿತು. ಆದರೆ ಲೇತ್ ಕೆಲಸ ಬಲ್ಲ ಕೈಗಳು ಸೀಮೆಯಲ್ಲಿ ಉಳಿದವು. ಹಳೆಯ ಬೈಕಿಗೆ ಬೇಕಾದದ್ದು ಅಂಥ ಕೈಗಳೇ. ಯೆಜ್ಡಿಯ ಸಿಲಿಂಡರ್ ಸವೆದರೆ ಅದನ್ನು ಎಸೆಯುವುದಿಲ್ಲ. ಬೋರ್ ಮಾಡಿಸಿ, ಒಂದು ಸೈಜ್ ದೊಡ್ಡ ಪಿಸ್ಟನ್, ರಿಂಗ್ ಹಾಕುತ್ತಾರೆ. ಮತ್ತೆ ಸವೆದರೆ ಮತ್ತೊಮ್ಮೆ. ಬುಷ್ ಸಿಗದಿದ್ದರೆ ಹಿತ್ತಾಳೆಯ ತುಂಡಿನಿಂದ ಕಡೆದುಕೊಳ್ಳಬಹುದು. ಪಾಯಿಂಟ್ ಸುಟ್ಟರೆ ಸ್ಯಾಂಡ್‌ಪೇಪರ್, ಗ್ಯಾಪ್ ನೋಡಲು ತೆಳುವಾದ ಫೀಲರ್ ಗೇಜ್, ಪ್ಲಗ್ ಬಿಚ್ಚಲು ಒಂದು ಪಾನಾ. ಕೆಟ್ಟದ್ದು ಏನೆಂದು ತಿಳಿಯಲು ಬೇಕಿದ್ದ ಉಪಕರಣ ಮೆಕ್ಯಾನಿಕ್ಕಿನ ಕಿವಿ. ಶಬ್ದ ಕೇಳಿಯೇ ಕನೆಕ್ಟಿಂಗ್ ರಾಡೋ ಪಿಸ್ಟನ್ನೋ ಎಂದು ಹೇಳುವವರು ಪ್ರತಿ ಹೋಬಳಿಯಲ್ಲೂ ಇದ್ದರು.

ಈ ಜ್ಞಾನಕ್ಕೆ ಯಾವ ಕಂಪನಿಯ ಅನುಮತಿಯೂ ಬೇಕಿರಲಿಲ್ಲ. ಗುರುವಿನಿಂದ ಹುಡುಗನಿಗೆ, ಗ್ರೀಸ್ ಹತ್ತಿದ ಕೈಯಿಂದ ಕೈಗೆ ಅದು ದಾಟುತ್ತಿತ್ತು. ಮೈಸೂರಿನ ಕಾರ್ಖಾನೆ ಮುಚ್ಚಿ ಮೂರು ದಶಕವಾದರೂ ಅಲ್ಲಿ ಹುಟ್ಟಿದ ಗಾಡಿಗಳು ರಸ್ತೆಯಲ್ಲಿ ಉಳಿದಿರುವುದಕ್ಕೆ ಬೇರೆ ಕಾರಣ ಹುಡುಕಬೇಕಿಲ್ಲ. ಇಂದಿನ ಗಾಡಿಯೊಂದರ ತಯಾರಕರು ಅಂಗಡಿ ಮುಚ್ಚಿದರೆ, ಅದರ ಎಲೆಕ್ಟ್ರಾನಿಕ್ ಭಾಗಗಳು ಮುಂದಿನ ಮೂವತ್ತು ವರ್ಷ ಎಲ್ಲಿಂದ ಬರುತ್ತವೆ? ಇದು ಕೊಳ್ಳುವವರು ಕೇಳಲೇಬೇಕಾದ ಪ್ರಶ್ನೆ.

ಜಾವಾ ಹೆಸರು ಮತ್ತೆ ಬಂದದ್ದು 2018ರ ನವೆಂಬರ್‌ನಲ್ಲಿ. ಮಹೀಂದ್ರಾ ಸಮೂಹದ ಪಾಲಿರುವ ಕ್ಲಾಸಿಕ್ ಲೆಜೆಂಡ್ಸ್ ಕಂಪನಿ ಅದನ್ನು ತಂದಿತು. ರುಸ್ತುಂ ಇರಾನಿ ಅವರ ಮಗ ಬೊಮನ್ ಇರಾನಿ ಅದರ ಪಾಲುದಾರರಲ್ಲೊಬ್ಬರು. 2022ರ ಜನವರಿಯಲ್ಲಿ ಯೆಜ್ಡಿಯೂ ಮರಳಿತು. ತಯಾರಿಕೆ ಮಾತ್ರ ಮೈಸೂರಿನಲ್ಲಲ್ಲ, ಮಧ್ಯಪ್ರದೇಶದ ಪೀತಂಪುರದಲ್ಲಿ. 2018ರ ಜಾವಾದ ದುಂಡನೆಯ ಟ್ಯಾಂಕು, ಎರಡು ಬದಿಯ ಸೈಲೆನ್ಸರು, ಕ್ರೋಮಿನ ಹೊಳಪು ನೋಡಿದರೆ ಹಳೆಯ ಗಾಡಿಯೇ ಎದ್ದು ಬಂದಂತೆ ಕಾಣುತ್ತದೆ. ಒಳಗೆ ಇರುವುದು ಬೇರೆಯೇ: 293 ಸಿಸಿಯ ಫೋರ್-ಸ್ಟ್ರೋಕ್ ಎಂಜಿನ್, ತಣ್ಣಗಿಡಲು ರೇಡಿಯೇಟರ್, ಆರು ಗೇರ್, ಸುಮಾರು 27 ಅಶ್ವಶಕ್ತಿ. ಮೊದಲ ಜಾವಾದ ಎರಡು ಪಟ್ಟಿಗೂ ಹೆಚ್ಚು ಶಕ್ತಿ, ಕಣ್ಣಿಗೆ ಕಾಣುವ ಹೊಗೆಯೇ ಇಲ್ಲ. ಕಿಕ್ಕರ್ ಇಲ್ಲ, ಬಟನ್ ಒತ್ತಿದರೆ ಸಾಕು. ತೂಕ ಮಾತ್ರ ಸುಮಾರು 170 ಕಿಲೋ, ರೋಡ್‌ಕಿಂಗ್‌ಗಿಂತ ಗಣನೀಯವಾಗಿ ಹೆಚ್ಚು. ಬಿಡುಗಡೆಯಾದಾಗ ದೆಹಲಿ ಷೋರೂಮ್ ಬೆಲೆ 1.64 ಲಕ್ಷ ರೂಪಾಯಿ.

ಹಳೆಯ ಗಾಡಿಯಲ್ಲಿ ಕಾರ್ಬೊರೇಟರ್ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಫ್ಯುಯೆಲ್ ಇಂಜೆಕ್ಷನ್ ಮಾಡುತ್ತದೆ. ಕಾರ್ಬೊರೇಟರಿನಲ್ಲಿ ಸೂಜಿ, ತೇಲುಗುಂಡು, ಸಣ್ಣ ತೂತಿನ ಜೆಟ್ ಇರುತ್ತವೆ. ಎಳೆಯುವ ಗಾಳಿಯ ಜೊತೆ ಎಷ್ಟು ಪೆಟ್ರೋಲ್ ಹೋಗಬೇಕೆಂಬುದು ಆ ತೂತಿನ ಅಳತೆಯಲ್ಲೇ ನಿಗದಿಯಾಗಿರುತ್ತದೆ. ಇಂಜೆಕ್ಷನ್ ಗಾಡಿಯಲ್ಲಿ ಸೈಲೆನ್ಸರಿನ ಕೊಳವೆಯೊಳಗಿನ ಆಕ್ಸಿಜನ್ ಸೆನ್ಸರ್ ಹೊಗೆಯ ನಾಡಿ ಹಿಡಿದು ಇಸಿಯು ಎಂಬ ಕಂಪ್ಯೂಟರಿಗೆ ಹೇಳುತ್ತದೆ. ಪೆಟ್ರೋಲ್ ಹೆಚ್ಚಾಯಿತೇ ಕಡಿಮೆಯಾಯಿತೇ ಎಂದು ನೋಡಿ ಅದು ತಕ್ಷಣ ಸರಿಪಡಿಸುತ್ತದೆ.

ಕುಕ್ಕುವಾಡದ ಎಥೆನಾಲ್ ಪ್ರಶ್ನೆಗೆ ಉತ್ತರ ಇರುವುದು ಇಲ್ಲಿಯೇ. ಒಂದು ಲೀಟರ್ ಎಥೆನಾಲಿನಲ್ಲಿ ಒಂದು ಲೀಟರ್ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಶಕ್ತಿಯಿದೆ. ಜೊತೆಗೆ ಎಥೆನಾಲಿನ ಅಣುವಿನಲ್ಲೇ ಆಕ್ಸಿಜನ್ ಇರುವುದರಿಂದ ಅದಕ್ಕೆ ಕಡಿಮೆ ಗಾಳಿ ಸಾಕು. ಇ20 ಬಂದಾಗ ಹೊಸ ಗಾಡಿಯ ಇಸಿಯು ಇಂಧನವನ್ನು ತುಸು ಹೆಚ್ಚು ಚಿಮುಕಿಸಿ ಹೊಂದಿಸಿಕೊಳ್ಳುತ್ತದೆ. ಹಳೆಯ ಕಾರ್ಬೊರೇಟರಿಗೆ ಆ ಅರಿವಿಲ್ಲ. ಅದು ಹಳೆಯ ಅಳತೆಯಲ್ಲೇ ಕೊಡುತ್ತದೆ, ಮಿಶ್ರಣ ತೆಳುವಾಗುತ್ತದೆ, ಎಂಜಿನ್ ಬಿಸಿಯಾಗುತ್ತದೆ. ನೀತಿ ಆಯೋಗದ 2021ರ ವರದಿ, ಇ20ಕ್ಕೆಂದೇ ರೂಪಿಸದ ದ್ವಿಚಕ್ರ ವಾಹನಗಳಲ್ಲಿ ಮೈಲೇಜು ಶೇಕಡ 3ರಿಂದ 4ರಷ್ಟು ಇಳಿಯಬಹುದೆಂದು ಅಂದಾಜಿಸಿತ್ತು. ಅಷ್ಟು ನಷ್ಟವನ್ನು ಯಾರಾದರೂ ಸಹಿಸಿಯಾರು. ಹೆಚ್ಚಿನ ಚಿಂತೆ ರಬ್ಬರಿನದು ಮತ್ತು ತುಕ್ಕಿನದು. ಹಳೆಯ ಕಾಲದ ರಬ್ಬರ್ ಪೈಪು, ವಾಷರುಗಳನ್ನು ಎಥೆನಾಲ್ ಉಬ್ಬಿಸಿ ಮೆತ್ತಗೆ ಮಾಡುತ್ತದೆ. ಅದು ಗಾಳಿಯ ತೇವವನ್ನೂ ಹೀರುತ್ತದೆ. ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನಲ್ಲಿ ತೇವ ಹೆಚ್ಚಾದರೆ ನೀರು ಮತ್ತು ಎಥೆನಾಲ್ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಕಾರ್ಬೊರೇಟರಿಗೆ ಹೋಗುವ ನಳಿಕೆ ಇರುವುದೂ ತಳದಲ್ಲೇ. ಟು-ಸ್ಟ್ರೋಕ್ ಗಾಡಿಗೆ ಇದು ಇನ್ನೂ ಕೆಟ್ಟದ್ದು: ಆಯಿಲ್ ಮೇಲಿನ ಪೆಟ್ರೋಲಿನಲ್ಲೇ ಉಳಿದು, ಎಂಜಿನ್ನಿಗೆ ಆಯಿಲ್ ಇಲ್ಲದ ದ್ರವ ತಲುಪುತ್ತದೆ.

ಇದರರ್ಥ ಕಬ್ಬಿನ ಪೆಟ್ರೋಲು ಬೇಡ ಎಂದಲ್ಲ. ಕಬ್ಬು ಬೆಳೆಯುವ ಸೀಮೆಗೆ ಅದರಿಂದ ಇನ್ನೊಂದು ಮಾರುಕಟ್ಟೆ ಸಿಕ್ಕಿದೆ, ಆಮದು ತೈಲದ ಹೊರೆ ಅಷ್ಟರಮಟ್ಟಿಗೆ ತಗ್ಗಿದೆ. ಆದರೆ ಎಥೆನಾಲ್ ಬೆರೆಸದ ಪೆಟ್ರೋಲ್ ಆಯ್ದುಕೊಳ್ಳುವ ಅವಕಾಶ ಹಳೆಯ ಗಾಡಿಯವರಿಗೆ ಜಿಲ್ಲೆಗೊಂದು ಬಂಕಿನಲ್ಲಾದರೂ ಇರಬೇಕಿತ್ತು.

ಹೊಸ ಗಾಡಿಯ ಕಡೆಯಿಂದಲೂ ಒಂದು ಸುಧಾರಣೆ ಆಗಬೇಕಾಗಿದೆ. 2023ರ ಏಪ್ರಿಲ್‌ನಿಂದ ಬೈಕುಗಳಲ್ಲಿ ದೋಷ ಪತ್ತೆಹಚ್ಚುವ ಒಬಿಡಿ-2 ವ್ಯವಸ್ಥೆ ಕಡ್ಡಾಯವಾಯಿತು. ದೋಷ ಕಂಡರೆ ಮೀಟರಿನಲ್ಲಿ ಹಳದಿ ದೀಪ ಹತ್ತುತ್ತದೆ. ದೀಪ ಯಾಕೆ ಹತ್ತಿತು ಎಂದು ಓದಲು ಸ್ಕ್ಯಾನರ್ ಬೇಕು. ಹಳ್ಳಿಯ ಮೆಕ್ಯಾನಿಕ್ಕಿನ ಬಳಿ ಪಾನಾ ಇದೆ, ಕಿವಿ ಇದೆ, ಸ್ಕ್ಯಾನರ್ ಇಲ್ಲ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಕೊನೆಯಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ಆರಂಭಿಸಿದಾಗ ವಾಹನಗಳನ್ನೂ ಅದರಲ್ಲಿ ಸೇರಿಸಿತು. ರಿಪೇರಿ ಪುಸ್ತಕ, ಬಿಡಿಭಾಗದ ಮಾಹಿತಿಗಳನ್ನು ಕಂಪನಿಗಳು ಹಂಚಿಕೊಳ್ಳಬೇಕೆಂಬುದು ಅದರ ಆಶಯ. ಆ ಪುಸ್ತಕಗಳು ಕನ್ನಡದಲ್ಲಿ ಬಂದರೆ, ಸ್ಕ್ಯಾನರ್ ಬಳಸುವ ಕಿರು ತರಬೇತಿಯನ್ನು ಐಟಿಐಗಳೋ ಹರಿಹರದ ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರದಂಥ (ಜಿಟಿಟಿಸಿ) ಸಂಸ್ಥೆಗಳೋ ಕೊಟ್ಟರೆ, ಲೇತಿನ ಮುಂದೆ ಬೆಳೆದ ಈ ಸೀಮೆಯ ಹುಡುಗರಿಗೆ ಹೊಸ ಗಾಡಿಯ ಒಳಗು ಕಷ್ಟವಾಗಲಾರದು.

ಮನೆಯಲ್ಲಿ ಅಪ್ಪನ ಕಾಲದ ಯೆಜ್ಡಿಯೋ ಆರ್‌ಎಕ್ಸೋ ಇರುವವರು ಈಗಲೇ ಮಾಡಬೇಕಾದ ಕೆಲವು ಕೆಲಸಗಳಿವೆ. ಪೆಟ್ರೋಲ್ ಪೈಪು, ಕಾರ್ಬೊರೇಟರಿನ ವಾಷರುಗಳನ್ನು ಎಥೆನಾಲ್ ತಾಳುವ ಹೊಸ ಮಾಲಿಗೆ ಬದಲಿಸಬೇಕು. ಎಂಜಿನ್ ಮೊದಲಿಗಿಂತ ಬಿಸಿಯಾದರೆ, ಪ್ಲಗ್ಗಿನ ತುದಿ ಬೆಳ್ಳಗೆ ಕಂಡರೆ, ಒಂದು ಸೈಜ್ ದೊಡ್ಡ ಮೇನ್ ಜೆಟ್ ಹಾಕಿಸುವುದು ಒಳ್ಳೆಯದು. ಟ್ಯಾಂಕಿನ ಒಳಗಿನ ತುಕ್ಕನ್ನು ತೊಳೆಸಿ, ಪೈಪಿಗೆ ಒಂದು ಫಿಲ್ಟರ್ ಕೂರಿಸಬೇಕು. ಗಾಡಿ ಕೆಲವು ವಾರ ನಿಲ್ಲುವುದಿದ್ದರೆ ಪೆಟ್ರೋಲ್ ಕಾಕ್ ಮುಚ್ಚಿ, ಎಂಜಿನ್ ತಾನಾಗಿ ಆರುವವರೆಗೆ ಓಡಿಸಿ ಕಾರ್ಬೊರೇಟರ್ ಖಾಲಿ ಮಾಡಬೇಕು. ಇನ್ನೂ ಹೆಚ್ಚು ದಿನ ನಿಲ್ಲುವ ಗಾಡಿಯಾದರೆ ಟ್ಯಾಂಕನ್ನೂ ಬರಿದು ಮಾಡಿ, ಒಳಗೆ ಸ್ವಲ್ಪ ಆಯಿಲ್ ಸವರಿ ಇಡುವುದು ಲೇಸು.